ಮೂರನೆಯ ಲೋಟ

ನಮ್ಮ ಮನೆಯ ಫ್ರಿಜ್‌ಗೆ ಆಗ ಹದಿನಾಲ್ಕು ವರ್ಷ. ಅಷ್ಟು ವರ್ಷಗಳಲ್ಲಿ ಅದರೊಳಗೆ ಒಂದು ಈರುಳ್ಳಿಯಾಗಲಿ, ಒಂದು ಎಸಳು ಬೆಳ್ಳುಳ್ಳಿಯಾಗಲಿ, ಆಲೂಗಡ್ಡೆಯಾಗಲಿ ಹೋದದ್ದಿಲ್ಲ. ನಾವು ಜೈನರು, ಹಳೇಬೀಡಿನಲ್ಲಿ ಬಸದಿಗೆ ಹತ್ತಿರದ ಬೀದಿಯಲ್ಲಿ ಉಳಿದಿರುವ ಕೆಲವೇ ಮನೆಗಳಲ್ಲಿ ನಮ್ಮದೊಂದು. ನೆಲದೊಳಗೆ ಬೆಳೆಯುವ ಗಡ್ಡೆಯಲ್ಲಿ ಎಣಿಸಲಾಗದಷ್ಟು ಜೀವಗಳಿರುತ್ತವೆ ಎಂದು ನಮ್ಮಲ್ಲಿ ಅದನ್ನು ತಿನ್ನುವುದಿಲ್ಲ, ಅಡುಗೆಮನೆಗೆ ತರುವುದೂ ಇಲ್ಲ. ಆ ಫ್ರಿಜ್‌ನ ಕೆಳಗಿನ ತರಕಾರಿ ಟ್ರೇಯಲ್ಲಿ, ಕಾಗದದ ಚೀಲವೊಂದರಲ್ಲಿ, ಮೂರು ಹಯಸಿಂತ್ ಹೂವಿನ ಗಡ್ಡೆಗಳನ್ನು ಹತ್ತು ವಾರ ಯಾರಿಗೂ ಹೇಳದೆ ಇಡುವುದು ನನ್ನ ಯೋಜನೆಯಾಗಿತ್ತು. ಗಣಿತದಲ್ಲಿ ಎಂ.ಎಸ್ಸಿ. ಮಾಡಿದವಳು ಇಷ್ಟು ಕೆಟ್ಟ ಯೋಜನೆ ಹಾಕಬಾರದಿತ್ತು.

ಹಯಸಿಂತನ್ನು ನಾನು ಮೊದಲು ನೋಡಿದ್ದು ಮೈಸೂರಿನಲ್ಲಿ ಓದುವಾಗ, ನನ್ನ ಪ್ರಾಧ್ಯಾಪಕಿಯೊಬ್ಬರ ಕಿಟಕಿಯಲ್ಲಿ. ಮಣ್ಣಿಲ್ಲ, ಕುಂಡವಿಲ್ಲ. ಸೊಂಟ ಸಣ್ಣಗಿದ್ದ ಒಂದು ಗಾಜಿನ ಲೋಟ, ಅದರ ಬಾಯಲ್ಲಿ ಕೂತ ಗಡ್ಡೆ, ಕೆಳಗೆ ನೀರಿನಲ್ಲಿ ಬಿಳಿ ಬೇರು, ಮೇಲೆ ನೀಲಿ ಹೂಗಳ ದಟ್ಟ ಗೊನೆ. ಅವರು ಅದರ ಬಗ್ಗೆ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ನನ್ನ ಪ್ರಬಂಧದಲ್ಲಿದ್ದ ತಪ್ಪನ್ನು ಅವರು ವಿವರಿಸಿದ ಅರ್ಧ ಗಂಟೆಯೂ ನಾನು ಆ ಬೇರುಗಳನ್ನೇ ನೋಡುತ್ತಿದ್ದೆ. ಎಲ್ಲರಿಗೂ ಕಾಣುವಂತಿದ್ದೂ ಯಾರ ಗೊಡವೆಯೂ ಇಲ್ಲದೆ ಅದು ಬೆಳೆಯುತ್ತಿತ್ತು. ಅಂಥದ್ದೊಂದು ನನ್ನ ಕೋಣೆಯಲ್ಲಿರಬೇಕು ಅನ್ನಿಸಿತು.

ಊರಿಗೆ ವಾಪಸು ಬಂದು, ಅರಸೀಕೆರೆಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿ ದಿನವೂ ಬಸ್ಸಿನಲ್ಲಿ ಓಡಾಡತೊಡಗಿದ ಮೇಲೂ ಆ ಆಸೆ ಹೋಗಲಿಲ್ಲ. ಅಜ್ಜಿ, ಅಪ್ಪ, ಅಮ್ಮ, ನಾನು ಇರುವ ಮನೆಯಲ್ಲಿ ನಾನು ಬಾಗಿಲು ಹಾಕಿಕೊಳ್ಳಬಹುದಾದದ್ದು ಒಂದು ಸಣ್ಣ ಕೋಣೆ. ಅದರಲ್ಲೂ ಒಂದು ಗೋಡೆಯ ಉದ್ದಕ್ಕೆ ಅಪ್ಪನ ವ್ಯಾಪಾರದ ಕೊಬ್ಬರಿ ಚೀಲಗಳು. ಆದರೆ ಕಿಟಕಿ ಪೂರ್ವಕ್ಕಿತ್ತು, ಅದರ ಕಟ್ಟೆ ಮೂರು ಲೋಟ ಹಿಡಿಯುವಷ್ಟು ಅಗಲವಿತ್ತು. ನಾನು ಅಳತೆ ತೆಗೆದಿದ್ದೆ.

ತೊಂದರೆ ಏನೆಂದರೆ ಹಯಸಿಂತ್ ಕೊರೆಯುವ ಚಳಿಯ ದೇಶಗಳ ಹೂವು. ಹತ್ತು ವಾರ ಚಳಿಯಲ್ಲಿ, ಕತ್ತಲೆಯಲ್ಲಿ ಕಳೆದರೆ ಮಾತ್ರ ಗಡ್ಡೆ ಹೂ ಬಿಡುತ್ತದೆ. ಧನುರ್ಮಾಸದಲ್ಲಿ ನಾವು ತಲೆಗೆ ಮಫ್ಲರ್ ಸುತ್ತಿಕೊಂಡು ಬಸ್ಸಿಗೆ ಕಾಯುವ ಚಳಿ ಅದರ ಲೆಕ್ಕಕ್ಕೇ ಇಲ್ಲ. ಹಾಗಾಗಿ ಫ್ರಿಜ್.

ಗಡ್ಡೆಗಳನ್ನು ಆನ್‌ಲೈನ್‌ನಲ್ಲಿ ತರಿಸಿದೆ, ಕಾಲೇಜಿನ ವಿಳಾಸಕ್ಕೆ. ಮನೆಗೆ ಬರುವ ಪಾರ್ಸೆಲ್ಲನ್ನು ನನಗಿಂತ ಮೊದಲು ಮೂವರು ಬಿಚ್ಚುತ್ತಾರೆ. ದಸರಾ ರಜೆ ಮುಗಿದ ವಾರ ಅವು ಬಂದವು. ನೇರಳೆ ಬಣ್ಣದ, ಕಾಗದದಂಥ ಸಿಪ್ಪೆಯ ಮೂರು ಗಡ್ಡೆಗಳು. ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಮೇಜಿನವರು ನೋಡಿ, "ಈರುಳ್ಳೀನೂ ಆನ್‌ಲೈನಲ್ಲಿ ತರಿಸ್ತೀರೇನ್ರೀ?" ಎಂದರು. ಅಲ್ಲ, ಹೂವಿನದು ಎಂದು ಹೇಳಿ ಚೀಲಕ್ಕೆ ಹಾಕಿಕೊಂಡೆ. ಆ ಮಾತನ್ನು ನಾನು ಇನ್ನಷ್ಟು ಗಂಭೀರವಾಗಿ ತೆಗೆದುಕೊಳ್ಳಬೇಕಿತ್ತು. ಈರುಳ್ಳಿಯನ್ನು ನಾನು ನೋಡಿಲ್ಲವೆಂದಲ್ಲ. ಹಾಸ್ಟೆಲ್ಲಿನಲ್ಲಿ ಬೇರೆಯವರ ತಟ್ಟೆಯಲ್ಲಿ ಹೆಚ್ಚಿದ್ದು ನೋಡಿದ್ದೆ, ಸಂತೆಯಲ್ಲಿ ರಾಶಿ ನೋಡಿದ್ದೆ. ಕೈಯಲ್ಲಿ ಹಿಡಿದು ನೋಡಿರಲಿಲ್ಲ.

ಫ್ರಿಜ್‌ನಲ್ಲಿ ಅವು ಎಂಟು ದಿನ ಇದ್ದವು. ಆ ಎಂಟು ದಿನವೂ ನೆಮ್ಮದಿಯಾಗಿ ಇರಲಿಲ್ಲ. ಹಣ್ಣಾಗುವ ಬಾಳೆಯಿಂದ ಹೊರಡುವ ಅನಿಲ ಗಡ್ಡೆಯೊಳಗಿನ ಮೊಗ್ಗನ್ನು ಕೆಡಿಸುತ್ತದೆ ಎಂದು ಓದಿದ್ದೆ. ಅಮ್ಮ ಎಂದೂ ಬಾಳೆಹಣ್ಣನ್ನು ಫ್ರಿಜ್‌ನಲ್ಲಿ ಇಟ್ಟವರಲ್ಲ. ಆ ವಾರವೇ ಇಡಲು ಶುರುಮಾಡಿದರು, ಅದೂ ತರಕಾರಿ ಟ್ರೇಯಲ್ಲೇ. ನಾನು ತೆಗೆದು ಹೊರಗಿಡುವುದು, ಅವರು ಮತ್ತೆ ಒಳಗಿಡುವುದು. ಕಾರಣ ಕೇಳಿದರೆ ಹೇಳುವಂತಿಲ್ಲ. ಅಪ್ಪನದು ಇನ್ನೊಂದು: ಕರೆಂಟು ಉಳಿಯಲಿ ಎಂದು ಹೊರಗೆ ಹೊರಡುವಾಗೆಲ್ಲ ಫ್ರಿಜ್ ಆಫ್ ಮಾಡಿ ಹೋಗುವುದು. ಮನೆಯಲ್ಲಿ ಅಜ್ಜಿ ಇದ್ದಾರೆ, ಫ್ರಿಜ್‌ನಲ್ಲಿ ಹಾಲಿದೆ ಎಂಬುದು ಅವರಿಗೆ ಕಾರಣವೇ ಅಲ್ಲ.

ಒಂಬತ್ತನೆಯ ದಿನ ಬಸ್ಸಿಳಿದು ಬಂದಾಗ ಕಾಗದದ ಚೀಲ ಜಗಲಿಯ ಮೇಲಿತ್ತು. ಅದರ ಪಕ್ಕದಲ್ಲಿ ಅಜ್ಜಿ ಕೂತಿದ್ದರು. ಅಪ್ಪನ ತಾಯಿ, ಎಂಬತ್ತರ ಹತ್ತಿರ ವಯಸ್ಸು, ಮಂಡಿ ನೋವು, ಆದರೆ ಕಣ್ಣು ಚೆನ್ನಾಗಿದೆ.

"ಏನೇ ಇದು?"

"ಹೂವಿನ ಗಡ್ಡೆ ಅಜ್ಜಿ."

"ಈರುಳ್ಳಿ."

"ಈರುಳ್ಳಿ ಅಲ್ಲ. ನೀರಲ್ಲಿಟ್ಟರೆ ನೀಲಿ ಹೂವು ಬರುತ್ತೆ. ತಿನ್ನೋದಲ್ಲ."

"ತಿನ್ನೋದಲ್ಲದ್ದನ್ನ ತಿನ್ನೋದರ ಜೊತೆ ಯಾಕಿಟ್ಟೆ?"

ಚಳಿಯ ವಿಷಯ ವಿವರಿಸಿದೆ. ಅಜ್ಜಿ ಪೂರ್ತಿ ಕೇಳಿದರು.

"ಹೂವು ಬರೋ ತನಕ ಅದು ಗಡ್ಡೇನೇ ಕಣೇ. ಬಂದಮೇಲೂ ಗಡ್ಡೇನೇ."

ಅಜ್ಜಿಯ ಈ ಹಟಕ್ಕೆ ಒಂದು ಹಿನ್ನೆಲೆ ಇದೆ. ದಿಗಂಬರ ಮುನಿಗಳು ದಿನಕ್ಕೆ ಒಂದೇ ಸಲ, ಬೆಳಗಿನ ಹೊತ್ತು, ಯಾವುದಾದರೂ ಒಂದು ಮನೆಯಲ್ಲಿ ನಿಂತು, ಅಂಗೈಯಲ್ಲೇ ಆಹಾರ ತೆಗೆದುಕೊಳ್ಳುತ್ತಾರೆ. ಯಾವ ಮನೆ ಎಂದು ಮೊದಲೇ ಹೇಳುವುದಿಲ್ಲ. ಇಂಥದ್ದು ಕಣ್ಣಿಗೆ ಬಿದ್ದ ಬಾಗಿಲಲ್ಲಿ ಮಾತ್ರ ನಿಲ್ಲುತ್ತೇನೆ ಎಂದು ಮನಸ್ಸಿನಲ್ಲೇ ಸಂಕಲ್ಪ ಮಾಡಿ ಹೊರಡುತ್ತಾರೆ. ಅದು ಕಾಣದಿದ್ದರೆ ಉಪವಾಸವೇ ಹಿಂತಿರುಗುತ್ತಾರೆ. ಆ ಸಂಕಲ್ಪ ಏನೆಂದು ಯಾರಿಗೂ ಗೊತ್ತಾಗುವುದಿಲ್ಲ. ಅಜ್ಜಿ ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಒಬ್ಬ ಮುನಿಯೂ ನಮ್ಮ ಬಾಗಿಲಲ್ಲಿ ನಿಂತಿರಲಿಲ್ಲ. ಒಮ್ಮೆ ಮುನಿಗಳು ಊರಿಗೆ ಬಂದಾಗ ಮನೆಯಲ್ಲಿ ಸೂತಕವಿತ್ತು. ಇನ್ನೊಮ್ಮೆ ಎಲ್ಲ ಸರಿಯಿತ್ತು, ಅಜ್ಜಿ ತೆಂಗಿನಕಾಯಿ ಹಿಡಿದು ನಿಂತಿದ್ದರು, ಅವರು ಎದುರಿನಿಂದಲೇ ದಾಟಿ ಹೋದರು. ಮುನಿಗಳು ತನ್ನ ಬಾಗಿಲಲ್ಲಿ ಆಹಾರ ತೆಗೆದುಕೊಳ್ಳುವ ತನಕ ಬೆಲ್ಲ ತಿನ್ನುವುದಿಲ್ಲ ಎಂದು ಅಜ್ಜಿ ಅವತ್ತು ನೇಮ ಹಿಡಿದರು. ಆ ಮಾತಿಗೆ ಆಗ ಹನ್ನೊಂದು ವರ್ಷ. ಬೆಲ್ಲವೆಂದರೆ ಅವರಿಗೆ ಪ್ರಾಣ. ಅಂದಿನಿಂದ ನಮ್ಮ ಮನೆಯಲ್ಲಿ ಅಜ್ಜಿಗೆ ಸಕ್ಕರೆಯ ಪಾಯಸ, ನಮಗೆ ಬೆಲ್ಲದ್ದು. ಎರಡು ಪಾತ್ರೆ, ಎರಡು ಸೌಟು.

ಮುನಿಗಳ ಅಡುಗೆಗೆ ಫ್ರಿಜ್‌ನಲ್ಲಿಟ್ಟ ಯಾವ ಪದಾರ್ಥವನ್ನೂ ಬಳಸುವುದಿಲ್ಲ. ಹಿಟ್ಟು, ನೀರು, ಹಾಲು ಎಲ್ಲ ಆಗಿಂದಾಗ ಆಗಬೇಕು. ಅಷ್ಟೂ ಅಲ್ಲದೆ ಯಾವ ಮುನಿಯೂ ಬರುವ ಸುದ್ದಿ ಅಕ್ಟೋಬರಿನಲ್ಲಿ ಇರಲಿಲ್ಲ. ಇದನ್ನೆಲ್ಲ ನಾನು ಕ್ರಮವಾಗಿ ಹೇಳಿದೆ. ಅಜ್ಜಿ, "ನಿನ್ನ ಲೆಕ್ಕ ಕಾಲೇಜಲ್ಲಿ ಹೇಳ್ಕೊಡು" ಎಂದರು.

ಅಮ್ಮ ನಡುವೆ ಬಂದು ಪಕ್ಕದ ಮನೆಯ ಫ್ರಿಜ್ ಸೂಚಿಸಿದರು. ಅದು ಗೌಡರ ಮನೆ. ಅಲ್ಲಿಯ ಹಿರಿಯ ಹೆಂಗಸು ನಮಗೆ ಸಂಬಂಧವಲ್ಲ, ಆದರೆ ಚಿಕ್ಕಂದಿನಿಂದ ನಾನು ದೊಡ್ಡಮ್ಮ ಎಂದೇ ಕರೆಯುತ್ತೇನೆ. ಎರಡು ಹಸು ಕಟ್ಟಿದ್ದಾರೆ, ನಮಗೆ ಹಾಲು ಅವರದೇ. ಮೂರು ಗಡ್ಡೆಗಳನ್ನು ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಮುಚ್ಚಳಕ್ಕೆ ಗಾಳಿಯಾಡಲು ತೂತು ಮಾಡಿ, ತೆಗೆದುಕೊಂಡು ಹೋದೆ.

"ಬಾಳೆಹಣ್ಣಿನ ಪಕ್ಕ ಇಡಬೇಡಿ ದೊಡ್ಡಮ್ಮ. ಆಫ್ ಮಾಡಬೇಡಿ. ಹೊಸ ವರ್ಷದ ಹೊತ್ತಿಗೆ ತಗೊಂಡು ಹೋಗ್ತೀನಿ."

"ಇರ್ಲಿ ಬಿಡು ಮಗ. ಮೂಲೇಲಿ ಬಿದ್ದಿರ್ತವೆ. ಅವಕ್ಕೇನು ಹಿಟ್ಟು ಹಾಕ್ಬೇಕಾ, ನೀರು ಹಾಕ್ಬೇಕಾ?"

"ಏನೂ ಮಾಡಬೇಡಿ. ಮುಟ್ಟಲೂಬೇಡಿ."

"ಮೂರು ಅವೆ ತಾನೆ? ಮೂರೂ ಎಣಿಸಿ ವಾಪಸ್ ಕೊಡ್ತೀನಿ, ಹೋಗು."

ಈ ಮಾತನ್ನು ಅವರು ಅಕ್ಷರಶಃ ಉಳಿಸಿಕೊಂಡರು.

ಡಿಸೆಂಬರಿನ ಕೊನೆಯಲ್ಲಿ ಡಬ್ಬಿ ವಾಪಸು ಬಂತು. ಎರಡರಲ್ಲಿ ಹಳದಿ ಹಸಿರಿನ ಮೊಳಕೆ ಇಷ್ಟೇ ಇಷ್ಟು ಇಣುಕಿತ್ತು. ಮೂರನೆಯದು ಸ್ವಲ್ಪ ದಪ್ಪಗಾಗಿತ್ತು, ಅದರ ಬಣ್ಣ ಒಂದಿಷ್ಟು ಕೆಂಪಿಗೆ ತಿರುಗಿತ್ತು. ಚಳಿ ಇದಕ್ಕೆ ಹೆಚ್ಚು ಒಗ್ಗಿದೆ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಆ ನೋಟ್‌ಬುಕ್ ಈಗಲೂ ಇದೆ. ಆ ಪುಟ ಹರಿದು ಹಾಕಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಸೊಂಟ ಸಣ್ಣಗಿನ ಲೋಟ ಬೇಲೂರಿನಲ್ಲಿ ಸಿಗಲಿಲ್ಲ, ಅರಸೀಕೆರೆಯಲ್ಲೂ ಸಿಗಲಿಲ್ಲ. ಬೇಲೂರಿನ ಪಾತ್ರೆ ಅಂಗಡಿಯವನು ಸ್ಟೀಲಿನದು ತಗೊಳ್ಳಿ ಮೇಡಂ, ಒಡೆಯಲ್ಲ ಎಂದು ಹತ್ತು ನಿಮಿಷ ವಾದಿಸಿದ. ಬೇರು ಕಾಣಬೇಕು ಎಂದೆ. "ಬೇರು ಯಾಕೆ ಕಾಣಬೇಕು?" ಎಂದ. ಕೊನೆಗೆ ಜ್ಯೂಸ್ ಕುಡಿಯುವ ಉದ್ದನೆಯ ಮೂರು ಗಾಜಿನ ಲೋಟ ತಂದು, ರಟ್ಟನ್ನು ಬಳೆಯಾಕಾರಕ್ಕೆ ಕತ್ತರಿಸಿ ಬಾಯಿಗೆ ಕೂರಿಸಿ, ಅದರ ಮೇಲೆ ಗಡ್ಡೆ ಇಟ್ಟೆ. ನೀರು ಗಡ್ಡೆಯ ತಳಕ್ಕೆ ತಾಗಬಾರದು, ಒಂದು ಬೆರಳಿನ ಅರ್ಧದಷ್ಟು ಕೆಳಗಿರಬೇಕು. ತಾಗಿದರೆ ಕೊಳೆಯುತ್ತದೆ. ಇದನ್ನು ಅಮ್ಮನಿಗೆ ಮೂರು ಸಲ ಹೇಳಿದೆ. ಸಂಜೆ ಬಂದು ನೋಡಿದರೆ ಲೋಟಗಳು ತುಂಬಿ ತುಳುಕುತ್ತಿದ್ದವು.

"ಪಾಪ, ಬಾಯಾರಿರುತ್ತೆ ಅಂತ ಹಾಕ್ದೆ."

"ಅಮ್ಮ, ಅದಕ್ಕೆ ಬಾಯಾರಲ್ಲ."

"ಜೀವ ಇರೋದಕ್ಕೆಲ್ಲ ಬಾಯಾರುತ್ತೆ."

ಈ ವಿಷಯದಲ್ಲಿ ನನಗೆ ನೆರವಾದವರು ಅಜ್ಜಿ ಎಂಬುದನ್ನು ಒಪ್ಪಿಕೊಳ್ಳಬೇಕು. ಲೋಟಗಳು ಅಡುಗೆಮನೆಯಿಂದ ದೂರ, ನನ್ನ ಕೋಣೆಯೊಳಗೇ ಇರುತ್ತವೆ, ಇವು ಖಂಡಿತ ಈರುಳ್ಳಿಯಲ್ಲ ಎಂದು ನಾನು ಮಾತು ಕೊಟ್ಟ ಮೇಲೆ ಅಜ್ಜಿ ಅವುಗಳನ್ನು ಮನೆಗೆ ಸೇರಿಸಿದ್ದರು. "ನೀನು ಹೇಳ್ತಿದ್ದೀಯ ಅಂತ" ಎಂದು ಎರಡು ಸಲ ಹೇಳಿದ್ದರು. ಸೇರಿಸಿದ ಮೇಲೆ ಅವರದೇ ಒಂದು ನಿಯಮ ಬಂತು. ನಾವು ಕುಡಿಯುವ ನೀರನ್ನು ಬಿಳಿ ಬಟ್ಟೆಯಲ್ಲಿ ಸೋಸಿಯೇ ಬಳಸುವುದು; ನೀರಿನಲ್ಲಿರುವ ಸಣ್ಣ ಜೀವಿಗಳಿಗೆ ಹಿಂಸೆಯಾಗಬಾರದೆಂದು. ಹೂವಿನ ಲೋಟಕ್ಕೂ ಸೋಸಿದ ನೀರೇ ಆಗಬೇಕು, ನಿಂತ ನೀರಿನಲ್ಲಿ ಹುಳು ಹುಟ್ಟಬಾರದು, ಆದ್ದರಿಂದ ಮೂರು ದಿನಕ್ಕೊಮ್ಮೆ ಬದಲಾಯಿಸಬೇಕು ಎಂದರು. ನಾನು ಬಸ್ಸಿಗೆ ಓಡುವ ಹೊತ್ತಿನಲ್ಲಿ, ಮಂಡಿ ಹಿಡಿದುಕೊಂಡು ಬಂದು, ಬಟ್ಟೆ ಕಟ್ಟಿದ ಚೆಂಬಿನಿಂದ ಸರಿಯಾಗಿ ನಾನು ಹಾಕಿದ ಗೆರೆಯ ತನಕ ಅವರೇ ನೀರು ಹಾಕುತ್ತಿದ್ದರು. ಒಂದು ಹನಿ ಹೆಚ್ಚಿಲ್ಲ.

ಜನವರಿಯ ಮೂರನೆಯ ವಾರದ ಹೊತ್ತಿಗೆ ಎರಡು ಲೋಟಗಳಲ್ಲಿ ಅಗಲ ಎಲೆಗಳ ನಡುವೆ ಮೊಗ್ಗಿನ ಗೊನೆ ಬಿಗಿಯಾಗಿ ಕೂತಿತ್ತು. ಮೂರನೆಯದರಲ್ಲಿ ಮೊಗ್ಗಿರಲಿಲ್ಲ, ಆದರೆ ಎಲೆಗಳು ಎಲ್ಲಕ್ಕಿಂತ ಉದ್ದ ಬಂದಿದ್ದವು. ತೆಳ್ಳಗೆ, ದುಂಡಗೆ, ಕಡು ಹಸಿರು. ಇದು ಬೇರೆ ತಳಿ ಇರಬೇಕು, ತಡವಾಗಿ ದೊಡ್ಡ ಹೂ ಬಿಡುತ್ತದೆ ಎಂದುಕೊಂಡೆ. ಬೆಳಕಿಗೆ ಒಂದೇ ಕಡೆ ವಾಲಬಾರದೆಂದು ದಿನಾ ಬೆಳಗ್ಗೆ ಅದನ್ನೊಂದು ಕಾಲು ಸುತ್ತು ತಿರುಗಿಸುತ್ತಿದ್ದೆ. ಮೂರರಲ್ಲಿ ನಾನು ಹೆಚ್ಚು ಆರೈಕೆ ಮಾಡಿದ್ದು ಅದಕ್ಕೇ.

ಅದೇ ವಾರ ಸುದ್ದಿ ಬಂತು: ಶ್ರವಣಬೆಳಗೊಳದ ಕಡೆ ನಡೆದು ಹೋಗುತ್ತಿರುವ ಮುನಿಗಳೊಬ್ಬರು ನಮ್ಮ ಊರಿನ ಬಸದಿಯಲ್ಲಿ ಎರಡು ದಿನ ಇರುತ್ತಾರೆ. ಅಜ್ಜಿ ಎದ್ದು ಹೋಗಿ ತಮ್ಮ ಪೆಟ್ಟಿಗೆಯಿಂದ ಬಿಳಿ ಸೀರೆ ತೆಗೆದು ಒಗೆಯಲು ಹಾಕಿದರು. ಆಮೇಲಿನ ನಾಲ್ಕು ದಿನ ಮನೆ ಮನೆಯಂತಿರಲಿಲ್ಲ. ಪಾತ್ರೆಯೆಲ್ಲ ಅಂಗಳದಲ್ಲಿ, ಅಡುಗೆಮನೆ ಗೋಡೆ ತನಕ ತೊಳೆದು ಒದ್ದೆ, ನನ್ನ ಊಟದ ಡಬ್ಬಿಗೆ ಜಾಗವಿಲ್ಲ. ಅಪ್ಪ ಬೀಸುವ ಕಲ್ಲು ಹೊರತೆಗೆದರು. ನಾನು ಮೊದಲ ದಿನಕ್ಕೆ ರಜೆ ಹಾಕಿದೆ.

ಮುನಿಗಳು ಬಂದ ಸಂಜೆ, ಬೆಳಕಿರುವಾಗಲೇ, ದೊಡ್ಡಮ್ಮ ಬಂದರು. ಬೆಳಗ್ಗೆ ಕೈಕಾಲು ತೊಳೆದು ಮಡಿಯಲ್ಲಿ ಹಾಲು ಕರೆಯುವುದು ಎಷ್ಟು ಹೊತ್ತಿಗೆ ಎಂದು ಅಮ್ಮನನ್ನು ಕೇಳಿಕೊಂಡು, ನನ್ನ ಕೋಣೆಗೆ ಇಣುಕಿದರು. ಕಿಟಕಿಯ ಕಡೆ ನೋಡಿ ಅವರ ಮುಖ ಅರಳಿತು.

"ಈರುಳ್ಳಿ ಚೆನ್ನಾಗಿ ಚಿಗುರೈತಲ್ಲ ಮಗ. ಕಿತ್ತು ಪಲ್ಯಕ್ಕೆ ಹಾಕಬೌದು."

"ಅದು ಈರುಳ್ಳಿ ಅಲ್ಲ ದೊಡ್ಡಮ್ಮ, ಅದೇ ಹೂವಿನ ಗಡ್ಡೆ. ನಿಮ್ಮ ಫ್ರಿಜ್ಜಲ್ಲಿ ಇತ್ತಲ್ಲ."

"ಅವೆರಡು ನಿನ್ನ ಹೂವು. ಇದು ನಾನಿಟ್ಟಿದ್ದು."

ಹೊರಗೆ ಕೇಳಿಸದಂತೆ ನಾನು ಬಾಗಿಲು ಮುಂದಕ್ಕೆ ಮಾಡಿದೆ.

"ಒಂದಿನ ಮನೇಲಿ ಈರುಳ್ಳಿ ಮುಗಿದೋಗಿತ್ತು ಕಣವ್ವ. ಸಾರಿಗೆ ಒಗ್ಗರಣೆ ಇಟ್ಟಾಗೈತೆ. ಡಬ್ಬೀಲಿ ನಿಂದು ಮೂರಿದ್ದೋ. ಒಂದು ತಗೊಂಡೆ. ಸುಲಿಯೋ ಹೊತ್ಗೇ ಕೈಯೆಲ್ಲ ಕೆರೆತ, ನವೆ, ಮೊಣಕೈ ತನಕ. ಇದ್ಯಾವ ದರಿದ್ರದ್ದಪ್ಪಾ ಅಂತ ತಿಪ್ಪೆಗೆ ಎಸೆದೆ. ಆಮೇಲೆ ಸಂತೆಯಿಂದ ತಂದಾಗ ಒಳ್ಳೇದು ಆರಿಸಿ ಒಂದು ಇಟ್ಟೆ. ನಿನ್ನ ವಸ್ತು, ಎಣಿಕೆ ತಪ್ಪಬಾರದಲ್ಲ. ನಿಂದಕ್ಕಿಂತ ದಪ್ಪಗಿತ್ತು."

"ಹೇಳಬೇಕಿತ್ತಲ್ಲ ದೊಡ್ಡಮ್ಮ."

"ಏನು ಹೇಳೋದು? ಗಡ್ಡೆಗೆ ಗಡ್ಡೆ ಕೊಟ್ಟೆ. ನೀನು ಓದ್ದೋಳು, ನೋಡ್ತಿದ್ದಂಗೆ ಗೊತ್ತಾಯ್ತದೆ ಅಂತಿದ್ದೆ."

ಮೂರನೆಯ ಲೋಟವನ್ನು ಹಾಗೇ ಅವರ ಸೆರಗಿನ ಮರೆಗೆ ಕೊಟ್ಟು, ದಯವಿಟ್ಟು ಯಾರಿಗೂ ಹೇಳದೆ ಹಿಂದಿನ ಬಾಗಿಲಿಂದ ಹೋಗಿ ಎಂದೆ. ಕಿಟಕಿ ಕಟ್ಟೆಯನ್ನು ಮೂರು ಸಲ ಒರೆಸಿದೆ. ಸ್ನಾನ ಮಾಡಿದೆ. ಈ ಹೊತ್ತಲ್ಲಿ ಯಾಕೆ ಎಂದು ಅಮ್ಮ ಕೇಳಿದ್ದಕ್ಕೆ ಸೆಖೆ ಎಂದೆ. ಅದು ಜನವರಿ.

ಹೇಳುವುದು ಬೇಡ ಎಂದು ತೀರ್ಮಾನಿಸಿದೆ. ಲೋಟ ಅಡುಗೆಮನೆಗೆ ಹೋಗಿಲ್ಲ. ನಾನು ಅಡುಗೆ ಮುಟ್ಟಿಲ್ಲ. ವಸ್ತು ಈಗ ಮನೆಯಲ್ಲಿ ಇಲ್ಲ. ಯಾವ ಕಡೆಯಿಂದ ಲೆಕ್ಕ ಹಾಕಿದರೂ ಫಲಿತಾಂಶ ಸೊನ್ನೆ. ಹೇಳಿದರೆ ಅಜ್ಜಿಯ ಹನ್ನೊಂದು ವರ್ಷ ಹಾಳಾಗುವುದು ಬಿಟ್ಟು ಬೇರೇನೂ ಆಗುವುದಿಲ್ಲ.

ಬೆಳಗ್ಗೆ ಒಂಬತ್ತೂವರೆಗೆ ನಾವು ನಾಲ್ವರೂ ಬಾಗಿಲಲ್ಲಿ ನಿಂತೆವು. ಅಜ್ಜಿ ಮುಂದೆ, ಕೈಯಲ್ಲಿ ಕಲಶ. ಅಮ್ಮನ ಕೈಯಲ್ಲಿ ತೆಂಗಿನಕಾಯಿ, ಅಪ್ಪನ ಕೈಯಲ್ಲಿ ಬಾಳೆಹಣ್ಣು. ಬೀದಿಯ ಉದ್ದಕ್ಕೂ ನಮ್ಮವರ ಮನೆಗಳ ಮುಂದೆ ಹೀಗೇ ನಿಂತಿದ್ದರು. ಮುನಿಗಳು ನಿಂತರೆ ಅವರನ್ನು ಒಳಗೆ ಕರೆದುಕೊಂಡು ಹೋಗಿ, ಆಹಾರ ಕೊಡುವ ಮೊದಲು ಮನೆಯವರೆಲ್ಲ ಒಂದು ಮಾತು ಹೇಳಬೇಕು.

"ಹೇಳು, ಬರುತ್ತೋ ಇಲ್ವೋ ನೋಡ್ತೀನಿ," ಎಂದರು ಅಜ್ಜಿ ನನ್ನ ಕಡೆ ತಿರುಗಿ.

"ಮನಃಶುದ್ಧಿ, ವಚನಶುದ್ಧಿ..."

ಅಲ್ಲಿಗೆ ನಿಂತಿತು. ಮನಸ್ಸು, ಮಾತು, ಮೈ, ಆಹಾರ, ನೀರು ಶುದ್ಧವಾಗಿವೆ ಎಂದು ಹೇಳುವುದು. ಚಿಕ್ಕಂದಿನಿಂದ ಬಾಯಿಪಾಠ. ಈರುಳ್ಳಿಯಲ್ಲ ಎಂದು ಮಾತು ಕೊಟ್ಟವಳು ನಾನು. ನನ್ನ ಲೆಕ್ಕದಲ್ಲಿ ಅಡುಗೆಮನೆ, ಪಾತ್ರೆ, ನೀರು ಎಲ್ಲ ಇದ್ದವು, ನನ್ನ ಮಾತೊಂದು ಬಿಟ್ಟುಹೋಗಿತ್ತು. ಬೀದಿಯ ತಿರುವಿನಲ್ಲಿ ಜನ ಕೈಮುಗಿಯುವುದು ಕಾಣಿಸಿತು. ನಾನು ಅಜ್ಜಿಗೆ ಹೇಳಿಬಿಟ್ಟೆ, ನಾಲ್ಕೇ ವಾಕ್ಯದಲ್ಲಿ. ಯಾವುದು, ಯಾರು, ಎಲ್ಲಿತ್ತು, ಈಗ ಎಲ್ಲಿದೆ.

ಅಜ್ಜಿ ಎತ್ತಿ ಹಿಡಿದಿದ್ದ ಕಲಶವನ್ನು ಕೆಳಗಿಳಿಸಿದರು.

"ನಾನು ಅದಕ್ಕೆ ನೀರು ಸೋಸಿ ಹಾಕಿದೆನಲ್ಲೇ," ಎಂದರು.

ಆಮೇಲೆ ಕಲಶ ತೆಗೆದುಕೊಂಡು ಒಳಗೆ ಹೋದರು. ಮನೆಯ ಹಿರಿಯರೇ ಒಳಗೆ ಹೋದ ಮೇಲೆ ನಾವು ನಿಲ್ಲುವಂತಿರಲಿಲ್ಲ. ಹೊಸ್ತಿಲ ಒಳಗೆ ಸರಿದೆವು. ಮುನಿಗಳು ಬಂದರು. ಆಹಾರಕ್ಕೆ ಹೊರಟ ಗುರುತಾಗಿ ಬಲಗೈಯ ಬೆರಳುಗಳನ್ನು ಭುಜದ ಮೇಲಿಟ್ಟುಕೊಂಡು, ನಾಲ್ಕು ಮಾರು ಮುಂದಿನ ನೆಲ ನೋಡುತ್ತ, ನಮ್ಮ ರಂಗೋಲಿಯ ಪಕ್ಕದಿಂದ ನಡೆದು ಹೋದರು. ನಮ್ಮಿಂದ ಮೂರನೆಯ ಮನೆಯಲ್ಲಿ ನಿಂತರು.

ಅಮ್ಮ ನನ್ನ ಕಡೆ ತಿರುಗಿದ್ದು ಆಗ. "ಇವತ್ತೇ ಹೇಳಬೇಕಿತ್ತಾ? ಮಧ್ಯಾಹ್ನ ಹೇಳಿದ್ರೆ ಏನು ಗಂಟು ಹೋಗ್ತಿತ್ತು?"

"ನಿನ್ನೇನೇ ಹೇಳಬೇಕಿತ್ತು," ಎಂದರು ಅಪ್ಪ.

ಇಬ್ಬರ ಮಾತೂ ಸರಿಯಿತ್ತು. ಅದೇ ನನಗೆ ಹೆಚ್ಚು ಸಿಟ್ಟು ಬರಿಸಿದ್ದು. ಹೇಳಬಾರದಿದ್ದ ಸಮಯ ಒಂದೇ ಇತ್ತು, ಸರಿಯಾಗಿ ಅದನ್ನೇ ನಾನು ಆರಿಸಿಕೊಂಡಿದ್ದೆ. ದೊಡ್ಡಮ್ಮನ ಮೇಲೆ ಸಿಟ್ಟು ಬಂತು, ಎಣಿಕೆ ಸರಿಮಾಡಿದ್ದಕ್ಕೆ. ಅಜ್ಜಿಯ ಮೇಲೆ ಬಂತು, ಇಷ್ಟಕ್ಕೆ ಒಳಗೆ ಹೋದದ್ದಕ್ಕೆ. ಕೋಣೆಗೆ ಹೋಗಿ ನೋಡಿದರೆ ಉಳಿದ ಎರಡು ಲೋಟಗಳಲ್ಲಿ ಒಂದರ ಮೊಗ್ಗಿನ ತುದಿಗೆ ನೀಲಿ ಬಂದಿತ್ತು. ಅದರ ಮೇಲೂ ಸಿಟ್ಟು ಬಂತು.

ಆ ದಿನವಿಡೀ ಮನೆ ಮತ್ತೆ ತೊಳೆಯುವುದಾಯಿತು, ಈ ಸಲ ನನ್ನ ಕೋಣೆಯೂ ಸೇರಿ. ನಾನೇ ತೊಳೆದೆ. ಕೊಬ್ಬರಿ ಚೀಲಗಳನ್ನು ಒಂದೊಂದಾಗಿ ಎಳೆದು ಹೊರಗಿಟ್ಟು, ತೊಳೆದು, ಒರೆಸಿ, ಮತ್ತೆ ಒಳಗೆ. ಸೂರ್ಯ ಮುಳುಗುವ ಮೊದಲಿನ ಊಟಕ್ಕೆ ಕೂತಾಗ ಅಜ್ಜಿ, ತಟ್ಟೆ ನೋಡುತ್ತಲೇ, "ನಾಳೆ ನೀನೂ ನನ್ನ ಪಕ್ಕ ನಿಲ್ಲು" ಎಂದರು.

"ನಾಳೆ ಪರೀಕ್ಷೆ ಇದೆ ಅಜ್ಜಿ. ಡ್ಯೂಟಿ ಹಾಕಿದ್ದಾರೆ."

"ರಜಾ ಹಾಕು."

"ಇವತ್ತೇ ಹಾಕಿದ್ದೆನಲ್ಲ."

"ಇವತ್ತು ಹಾಕಿ ಏನು ಮಾಡಿದೆ?" ಎಂದರು. ತುತ್ತು ನುಂಗಿ, "ಇವತ್ತು ನಿನ್ನ ಮಾತು ಸರಿ ಇರಲಿಲ್ಲ. ಈಗ ಸರಿ ಇದೆ. ಅದಕ್ಕೇ ನಿಲ್ಲು ಅಂದಿದ್ದು."

ಕಾಲೇಜಿಗೆ ಫೋನ್ ಮಾಡಿದೆ. ಅತಿಥಿ ಉಪನ್ಯಾಸಕರು ಕೇಳಬಹುದಾದಷ್ಟು ವಿನಯದಿಂದ ಕೇಳಿದೆ. ಬೇರೆ ಯಾರೂ ಇಲ್ಲ ಮೇಡಂ, ಬರಲೇಬೇಕು ಎಂದರು.

ಮರುದಿನ ಬೆಳಗ್ಗೆ ಒಂಬತ್ತೂವರೆ ಆದಾಗ ನಾನು ಅರಸೀಕೆರೆಯಲ್ಲಿ ಮೂವತ್ತೆರಡು ಹುಡುಗರ ನಡುವೆ ನಿಂತಿದ್ದೆ. ಕಿಟಕಿಯಾಚೆ ರೈಲು ಹೋಗುವ ಸದ್ದು. ಫೋನ್ ಆಫೀಸಿನಲ್ಲಿ ಕೊಟ್ಟಿರಬೇಕಾದ ನಿಯಮ. ಹುಡುಗನೊಬ್ಬ ಎದ್ದು, ಐದನೇ ಪ್ರಶ್ನೆ ತಪ್ಪಿದೆ ಎಂದ. ನೋಡಿದೆ, ತಪ್ಪಿತ್ತು. ಪ್ರಶ್ನೆ ಬರೆದವಳು ನಾನೇ. ಕೂಡಿಸುವ ಚಿಹ್ನೆ ಇರಬೇಕಾದಲ್ಲಿ ಕಳೆಯುವ ಚಿಹ್ನೆ. ಬೋರ್ಡಿನ ಮೇಲೆ ತಿದ್ದಿ ಬರೆದೆ.

ಹನ್ನೆರಡೂವರೆಗೆ ಫೋನ್ ಕೈಗೆ ಬಂದಾಗ ಅಮ್ಮನ ಏಳು ಕರೆಗಳಿದ್ದವು.

"ನಿಂತರು ಕಣೇ," ಎಂದರು ಅಮ್ಮ. ಬೆಳಗಿನಿಂದ ಅತ್ತ ದನಿ. "ನೇರ ಬಂದು ನಿಂತರು. ಅಜ್ಜಿ ಕೈಯಲ್ಲಿ ಏನೂ ಇರಲಿಲ್ಲ, ಬರೀ ಕಲಶ. ಎಂಥ ಸಂಕಲ್ಪ ಇತ್ತೋ ಏನೋ. ರಾಗಿ ಅಂಬಲಿ, ಹಾಲು, ಎರಡು ತುತ್ತು ಅನ್ನ. ಅಜ್ಜಿ ಒಂದು ಹನಿ ಚೆಲ್ಲಲಿಲ್ಲ. ನೀನು ಇರಬೇಕಿತ್ತು."

ಇರಬೇಕಿತ್ತು ಎಂಬ ಮಾತನ್ನು ಆಮೇಲೆ ಎಷ್ಟು ಜನ ಹೇಳಿದರೋ. ನಾನು ಬಸ್ಸಿನಲ್ಲಿ ಕೂತು ಜಾವಗಲ್ ದಾಟುವ ತನಕ ಕಿಟಕಿಯ ಕಡೆಯೇ ಮುಖ ಮಾಡಿಕೊಂಡಿದ್ದೆ. ಪಕ್ಕದಲ್ಲಿ ಕೂತ ಹೆಂಗಸು ಕಣಕಟ್ಟೆಯಲ್ಲಿರುವ ತಮ್ಮ ತಂಗಿಯ ಮನೆಯ ಕಥೆ ಹೇಳುತ್ತಿದ್ದರು. ಹೂಂ ಅನ್ನುತ್ತಿದ್ದೆ.

ಮನೆಗೆ ಬರುವ ಹೊತ್ತಿಗೆ ಮುನಿಗಳು ಮುಂದಿನ ಊರಿನ ದಾರಿ ಹಿಡಿದಿದ್ದರು. ಅಜ್ಜಿ ಗೋಡೆಗೊರಗಿ ಕೂತಿದ್ದರು. ಮುಂದೆ ಸಣ್ಣ ತಟ್ಟೆ, ಅದರಲ್ಲಿ ಅಡಿಕೆಯಷ್ಟು ದಪ್ಪದ ಒಂದು ತುಂಡು ಬೆಲ್ಲ. ನನಗಾಗಿ ಕಾದಿದ್ದರೋ, ಸಂಜೆಯ ಊಟದ ಹೊತ್ತಿಗೆ ಕಾದಿದ್ದರೋ ಕೇಳಲಿಲ್ಲ. ನಾನು ಕೂತ ಮೇಲೆ ಅದನ್ನು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಪೂರ್ತಿ ಕರಗಿಸಿಕೊಂಡರು.

"ಬೆಲ್ಲಾನೂ ಮೊದಲಿನ ಹಾಗಿಲ್ಲ," ಎಂದರು.

ಆಮೇಲೆ, "ನಿನ್ನ ಕೋಣೆಯಿಂದ ಬೆಳಗಿನಿಂದ ಒಂದೇ ವಾಸನೆ. ಹೋಗಿ ನೋಡು."

ಹೂ ಅರಳಿತ್ತು. ಎರಡು ಲೋಟಗಳಲ್ಲೂ, ಒಂದೇ ದಿನ, ನಾನಿಲ್ಲದಾಗ. ಕೋಣೆಗೆ ಕಾಲಿಡುವ ಮೊದಲೇ ಪರಿಮಳ ತಲೆಗೆ ಹತ್ತುವಷ್ಟಿತ್ತು. ಒಂದು ಲೋಟವನ್ನು ಹೊರಗೆ ತಂದು ಅಜ್ಜಿಯ ಮುಂದಿಟ್ಟೆ. ಅವರು ಬಗ್ಗಿ ಮೂಸಿ ನೋಡಿದರು, ಒಂದು ಹೂವನ್ನು ಬೆರಳ ತುದಿಯಿಂದ ಎತ್ತಿ ನೋಡಿದರು, ಬೇರು ನೋಡಿದರು.

"ಇಷ್ಟಕ್ಕಾ?" ಎಂದರು.

ಆ ಹೂ ಹತ್ತು ದಿನ ಇತ್ತು. ನೀರಿನಲ್ಲಿ ಬೆಳೆಸಿದ ಗಡ್ಡೆ ಮತ್ತೆ ಹೂ ಬಿಡುವುದು ಕಡಿಮೆ, ಎಸೆದುಬಿಡಿ ಎಂದು ಓದಿದ್ದೆ. ಜೀವ ಇರುವುದನ್ನು ಎಸೆಯುವುದು ಎಂಬ ಮಾತೇ ಅಜ್ಜಿಗೆ ಅರ್ಥವಾಗಲಿಲ್ಲ. ಹಿತ್ತಲಲ್ಲಿ ಕರಿಬೇವಿನ ಬುಡದಲ್ಲಿ ಅಪ್ಪನ ಕೈಲಿ ಹೂಳಿಸಿದರು. ಮಳೆಗಾಲದಲ್ಲಿ ಅವು ಕೊಳೆತುಹೋಗಿರಬೇಕು. ಬಂದವರಿಗೆಲ್ಲ ಆ ಜಾಗ ತೋರಿಸಿ, "ಎಂಬತ್ತು ವರ್ಷಕ್ಕೆ ಈರುಳ್ಳಿ ಗುರುತು ಹಿಡಿಯೋದು ಕಲಿತೆ, ಇವಳಿಂದ" ಎನ್ನುತ್ತಾರೆ. ನಾನು ಆ ಹೊತ್ತಿಗೆ ಕೋಣೆಯೊಳಗೆ ಇರುತ್ತೇನೆ.

ಈ ವರ್ಷ ಅಡುಗೆಮನೆಗೆ ಹೊಸ ಫ್ರಿಜ್ ಬಂದಿದೆ. ಹಳೆಯದನ್ನು ಮಾರುತ್ತಾರೆ ಎಂದುಕೊಂಡಿದ್ದೆ. ಅಜ್ಜಿ ಅದನ್ನು ನನ್ನ ಕೋಣೆಯಲ್ಲಿ ಇಡಿಸಿದರು. "ನಿನ್ನ ಗಡ್ಡೆಗೆ. ಪಕ್ಕದ ಮನೇಲಿಟ್ಟರೆ ಎಣಿಕೆ ಸರಿ ಇರುತ್ತೆ, ಗಡ್ಡೆ ಸರಿ ಇರಲ್ಲ." ಈಗ ಒಂದು ಗೋಡೆಗೆ ಕೊಬ್ಬರಿ, ಇನ್ನೊಂದು ಗೋಡೆಗೆ ಗುರ್ ಎನ್ನುವ ಫ್ರಿಜ್, ನಡುವೆ ನನ್ನ ಮಂಚ. ಒಳಗೆ ಆರು ಗಡ್ಡೆಗಳು. ಅಜ್ಜಿ ದಿನಕ್ಕೆ ಮೂರು ಸಲ ಬಾಗಿಲು ತಟ್ಟದೆ ಬಂದು, ಡಬ್ಬಿ ತೆಗೆದು, ಒಂದೊಂದನ್ನೇ ಬೆಳಕಿಗೆ ಹಿಡಿದು, ಈರುಳ್ಳಿ ಹೌದೋ ಅಲ್ಲವೋ ಎಂದು ಪರೀಕ್ಷಿಸುತ್ತಾರೆ. ಅವಕ್ಕೆ ಕತ್ತಲೆ ಬೇಕು, ಮತ್ತೆ ಮತ್ತೆ ತೆಗೆಯಬೇಡಿ ಎಂದು ಹೇಳಿ ಹೇಳಿ ನನಗೆ ಸಾಕಾಗಿದೆ.